ಕಡಿಮೆ ಬಜೆಟ್‌ನಲ್ಲಿ ಶಬ್ದ ತಗ್ಗಿಸುವ ವೈರ್‌ಲೆಸ್ ಹೆಡ್‌ಫೋನ್: ಕೊಡಗಿನ ಮನೆಗೆ ಹೊಂದುವುದನ್ನು ಆರಿಸುವುದು ಹೇಗೆ?

ಹೆಡ್‌ಫೋನ್ ಹಳತಾಗಿ ಹೊಸದು ಹುಡುಕಲು ಹೊರಟವರು ಮೊದಲು ನೋಡುವುದು ಬೆಲೆ. ಆಮೇಲೆ ಎಷ್ಟು ಸದ್ದು ತಗ್ಗುತ್ತದೆ ಅಂತ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹೇಳುವ ಡೆಸಿಬೆಲ್ ಅಂಕಿ. ಅಲ್ಲಿಂದ ಶುರು ಮಾಡಿದರೆ ದುಡ್ಡು ಖರ್ಚಾಗುತ್ತದೆ, ಕಿವಿಗೆ ನೆಮ್ಮದಿ ಸಿಗುವ ಖಾತ್ರಿ ಇಲ್ಲ. ನಿಮಗೆ ಕಾಟ ಕೊಡುತ್ತಿರುವ ಸದ್ದು ಯಾವುದು ಅಂತ ಮೊದಲು ಗುರುತಿಸಿ. ಕುಶನ್ ನಿಮ್ಮ ಕಿವಿಯ ಸುತ್ತ ಸಂದಿಲ್ಲದೆ ಕೂರುತ್ತದಾ ಎಂದು ಆಮೇಲೆ ನೋಡಿ. ಬ್ರ್ಯಾಂಡು, ಬೆಲೆ, ಆ್ಯಪ್ ಎಲ್ಲ ಅದರ ನಂತರ.

ಕೊಡಗಿನವರಿಗೆ ಈ ಕ್ರಮ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಮಳೆ ಬಡಿಯುತ್ತಲೇ ಇರುತ್ತದೆ. ಕರೆಂಟ್ ಹೋದರೆ ಪಕ್ಕದಲ್ಲೇ ಜನರೇಟರ್ ಶುರು. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಮಳೆಗಾಲ ಮುಗಿಯುತ್ತಿದ್ದಂತೆ ಕಳೆ ಹೊಡೆಯುವ ಮೆಷಿನ್. ಬೆಂಗಳೂರಿನ ಕಂಪನಿಯ ಕೆಲಸವನ್ನು ಸೋಮವಾರಪೇಟೆಯ ಮನೆಯಿಂದಲೇ ಮಾಡುವವರಿದ್ದಾರೆ. ಆನ್‌ಲೈನ್ ಕ್ಲಾಸಿನಲ್ಲಿ ಕೂರುವ ಮಕ್ಕಳಿದ್ದಾರೆ. ಜಿಲ್ಲೆಗೆ ರೈಲಿಲ್ಲ, ಹಾಗಾಗಿ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಬಸ್‌ನಲ್ಲೇ ಓಡಾಡುವವರೂ ಜಾಸ್ತಿ. ಇವರೆಲ್ಲರಿಗೂ ಒಂದೇ ಹೆಡ್‌ಫೋನ್ ಹೊಂದುವುದಿಲ್ಲ. ಸುಮಾರು 3,000ದಿಂದ 10,000 ರೂಪಾಯಿ ಒಳಗೆ ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಹಳೆಯದನ್ನು ಒಮ್ಮೆ ಪರೀಕ್ಷಿಸಿ

ಹೊಸದಕ್ಕೆ ದುಡ್ಡು ತೆಗೆಯುವ ಮುನ್ನ ಹಳೆಯದರ ಕುಶನ್ ನೋಡಿ. ನಮ್ಮ ತೇವಕ್ಕೆ ಕುಶನ್ ಮೇಲಿನ ಕೃತಕ ಚರ್ಮ ಬೇಗ ಬಿರುಕು ಬಿಟ್ಟು ಸುಲಿಯುತ್ತದೆ. ಒಳಗಿನ ಸ್ಪಂಜು ಚಪ್ಪಟೆಯಾಗುತ್ತದೆ. ಆಗ ಕಿವಿಯ ಸುತ್ತ ಸಂದು ಬೀಳುತ್ತದೆ, ಹೊರಗಿನ ಸದ್ದು ನೇರವಾಗಿ ಒಳಗೆ ಬರುತ್ತದೆ. ಶಬ್ದ ತಗ್ಗಿಸುವುದು ನಿಂತೇಹೋಗಿದೆ ಅನ್ನಿಸುವುದು ಎಷ್ಟೋ ಸಲ ಇದರಿಂದಲೇ. ಹೆಸರಾಂತ ಮಾಡೆಲ್‌ಗಳಿಗೆ ಹೊಂದುವ ಕುಶನ್ ಜೋಡಿ ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಾಡೆಲ್ ಸಂಖ್ಯೆ ಅಕ್ಷರಕ್ಕೆ ಅಕ್ಷರ ಸರಿಹೊಂದಬೇಕು, ಅಷ್ಟೇ.

ಆಮೇಲೆ ಹೊರಗಿನ ಮೈಕ್ ತೂತುಗಳನ್ನು ನೋಡಿ. ಅವುಗಳಲ್ಲಿ ಧೂಳು, ಬೂಷ್ಟು ಕಟ್ಟಿಕೊಂಡರೆ ಶಿಳ್ಳೆಯಂಥ ಸದ್ದು ಬರುತ್ತದೆ, ಇಲ್ಲವೇ ಒಂದು ಬದಿ ಮಾತ್ರ ಕೆಲಸ ಮಾಡುತ್ತದೆ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ನೀರು, ಸ್ಯಾನಿಟೈಸರ್ ಬೇಡ. ಕನೆಕ್ಷನ್ ತೊಂದರೆ ಇದ್ದರೆ ಫೋನಿನ ಬ್ಲೂಟೂತ್ ಪಟ್ಟಿಯಿಂದ ಹೆಸರು ಅಳಿಸಿ, ಹೆಡ್‌ಫೋನ್ ರೀಸೆಟ್ ಮಾಡಿ, ಮತ್ತೆ ಜೋಡಿಸಿ.

ಬ್ಯಾಟರಿ ಸೋತಿದ್ದರೆ ಲೆಕ್ಕ ಬೇರೆ. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್‌ಗಳಲ್ಲಿ ಬ್ಯಾಟರಿ ಬದಲಿಸಲು ಆಗುವಂಥವಿವೆ. ಅನುಭವಿ ಮೊಬೈಲ್ ರಿಪೇರಿಯವರು ಮಾಡಿಕೊಡುತ್ತಾರೆ. ಕಿವಿಯೊಳಗೆ ತೂರಿಸುವ ಸಣ್ಣ ಬಡ್ಸ್‌ಗಳಲ್ಲಿ ಅದು ಹೆಚ್ಚುಕಡಿಮೆ ಆಗದ ಕೆಲಸ. ರಿಪೇರಿ ಖರ್ಚು ಹೊಸದರ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಬ್ಯಾಟರಿ ಉಬ್ಬಿದೆ ಅಂತ ಕಂಡರೆ ಚಾರ್ಜಿಗೆ ಹಾಕಲೇಬೇಡಿ.

ಹೆಜ್ಜೆ 2: ಯಾವ ಸದ್ದು ತಗ್ಗಬೇಕು?

ಇಡೀ ಆಯ್ಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಅದಕ್ಕೆ ಈ ಹೆಡ್‌ಫೋನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಹೆಡ್‌ಫೋನಿನ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆ ತಯಾರಿಸಿ ಸ್ಪೀಕರ್ ಮೂಲಕ ಬಿಡುತ್ತದೆ. ಏರು ಇದ್ದಲ್ಲಿ ಇಳಿವು, ಇಳಿವು ಇದ್ದಲ್ಲಿ ಏರು. ಎರಡೂ ಸೇರಿದಾಗ ಸದ್ದು ತಗ್ಗುತ್ತದೆ. ಇದನ್ನೇ ಎಎನ್‌ಸಿ ಅನ್ನುತ್ತಾರೆ.

ಸದ್ದು ಒಂದೇ ಸಮ ಇದ್ದು, ಅದರ ಸ್ವರ ದಪ್ಪವಾಗಿದ್ದರೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ಸುಮಾರು 1,000 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆ ಎಎನ್‌ಸಿಯ ಪಾಲು. ಅದಕ್ಕಿಂತ ತೀಕ್ಷ್ಣವಾದ ಸದ್ದಿನ ಅಲೆಗಳು ತೀರಾ ಚಿಕ್ಕವು. ಅವುಗಳನ್ನು ತಡೆಯುವುದು ಕುಶನ್ನಿನ ದಪ್ಪ ಮತ್ತು ಬಿಗಿ, ಚಿಪ್ ಅಲ್ಲ. ಇದನ್ನು ನಮ್ಮ ಊರಿನ ಸದ್ದುಗಳಿಗೆ ಹೊಂದಿಸಿ ನೋಡೋಣ.

ಜನರೇಟರ್, ಪಂಪ್‌ಸೆಟ್, ಫ್ರಿಜ್ಜು, ಫ್ಯಾನು, ಬಸ್ ಎಂಜಿನ್, ಪಲ್ಪರ್ ಮೋಟಾರಿನ ಗುಂಯ್ ಸದ್ದು: ಇಲ್ಲಿ ಸಾಧಾರಣ ಬೆಲೆಯ ಎಎನ್‌ಸಿ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಬಸ್‌ನಲ್ಲಿ ಹಾಕಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ.

ಮಾತುಕತೆ, ಕುಕ್ಕರ್ ಸೀಟಿ, ನಾಯಿ ಬೊಗಳುವುದು, ಪಾತ್ರೆ ಬೀಳುವುದು: ಇವು ತಟ್ಟನೆ ಬರುವ, ಬದಲಾಗುತ್ತಲೇ ಇರುವ ಸದ್ದುಗಳು. ಎಎನ್‌ಸಿಯಿಂದ ಪೂರ್ತಿ ಹೋಗುವುದಿಲ್ಲ. ಸಂಜೆಯ ಜೀರುಂಡೆಯಂತೂ ತೀರಾ ಮೇಲಿನ ಸ್ವರ, ಅದನ್ನು ತಡೆಯಲು ಕುಶನ್ನೇ ಗತಿ. ಮನೆಮಂದಿಯ ಮಾತು ಕೇಳಿಸಬಾರದು ಅಂತಲೇ ಕೊಳ್ಳುವುದಾದರೆ ದಪ್ಪ ಕುಶನ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಮಾಡೆಲ್ ತಗೊಳ್ಳಿ, ಇಲ್ಲವೇ ಬಿಗಿಯಾಗಿ ಕೂರುವ ರಬ್ಬರ್ ಟಿಪ್ಪಿನ ಬಡ್ಸ್.

ಇನ್ನು ಮಳೆ. ಶೀಟಿನ ಮೇಲೆ ಬೀಳುವ ಮಳೆಯಲ್ಲಿ ದಪ್ಪ ಸ್ವರದಿಂದ ಹಿಡಿದು ಸಣ್ಣ ಸ್ವರದವರೆಗೆ ಎಲ್ಲ ಬೆರೆತಿರುತ್ತದೆ. ಎಎನ್‌ಸಿ ಹಾಕಿದಾಗ ಕೆಳಗಿನ ಗುಡುಗುಡು ಹೋಗಿ, ಮೇಲಿನ ಸೊಂಯ್ ಅನ್ನುವ ಸದ್ದು ಉಳಿಯುತ್ತದೆ. ಹೆಂಚಿನ ಮನೆಯಲ್ಲಿ ತೊಂದರೆ ಕಡಿಮೆ, ಶೀಟಿನ ಮನೆಯಲ್ಲಿ ಜಾಸ್ತಿ. ಮಳೆಗಾಗಿಯೇ ಕೊಳ್ಳುವವರು ಎಎನ್‌ಸಿಯಷ್ಟೇ ಗಮನವನ್ನು ಕುಶನ್‌ಗೂ ಕೊಡಬೇಕು. ಮಳೆ ಪೂರ್ತಿ ಮಾಯವಾಗುತ್ತದೆ ಅಂತ ಯಾವ ಬೆಲೆಯ ಹೆಡ್‌ಫೋನ್‌ನಿಂದಲೂ ನಿರೀಕ್ಷೆ ಬೇಡ.

ಕಳೆ ಹೊಡೆಯುವ ಮೆಷಿನ್, ಮರ ಕೊಯ್ಯುವ ಗರಗಸ ಹಿಡಿದು ಕೆಲಸ ಮಾಡುವವರಿಗೆ ಒಂದು ಮಾತು. ಹಾಡು ಕೇಳುವ ಎಎನ್‌ಸಿ ಹೆಡ್‌ಫೋನ್ ಕಿವಿ ಕಾಯುವ ಸಾಧನ ಅಲ್ಲ. ಆ ಕೆಲಸಕ್ಕೆ ಅಂತಲೇ ರೇಟಿಂಗ್ ಇರುವ ಇಯರ್‌ಮಫ್ ಬೇರೆ ಸಿಗುತ್ತದೆ, ಬೆಲೆಯೂ ಕಡಿಮೆ. ತೋಟದ ಕೆಲಸದವರಿಗೂ ಅದನ್ನೇ ಕೊಡಿಸಿ.

ಹೆಜ್ಜೆ 3: ದೊಡ್ಡದೋ, ಬಡ್ಸೋ?

ಮನೆಯಲ್ಲಿ ಗಂಟೆಗಟ್ಟಲೆ ಕೂತು ಕೆಲಸ ಮಾಡುವವರಿಗೆ ನಾನು ಕಿವಿ ಮುಚ್ಚುವ ದೊಡ್ಡದನ್ನೇ ಹೇಳುತ್ತೇನೆ. ಅದರ ಬ್ಯಾಟರಿ ದೊಡ್ಡದು, ಕುಶನ್ ಬದಲಿಸಬಹುದು, ಹೆಚ್ಚು ವರ್ಷ ಬರುತ್ತದೆ. ಬಡ್ಸ್‌ಗಳ ಪುಟ್ಟ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ, ಆಗ ಇಡೀ ಜೋಡಿ ವ್ಯರ್ಥ. ಮಳೆಗಾಲದಲ್ಲಿ ಕಿವಿ ತುರಿಕೆ, ಕಿವಿ ಸೋರುವ ತೊಂದರೆ ಇರುವವರು ರಬ್ಬರ್ ಟಿಪ್ ಒಳಗೆ ತುರುಕಿಕೊಂಡು ದಿನವಿಡೀ ಇರುವುದು ಒಳ್ಳೆಯದಲ್ಲ.

ಬಸ್‌ನಲ್ಲಿ ಕಿಟಕಿಗೆ ತಲೆ ಒರಗಿಸಿ ಮಲಗುವವರಿಗೆ, ಚಳಿಗೆ ಮಂಕಿ ಕ್ಯಾಪ್ ಹಾಕುವವರಿಗೆ ಬಡ್ಸ್ ವಾಸಿ. ಕುಶನ್ ಮತ್ತು ತಲೆಯ ನಡುವೆ ಟೋಪಿಯ ಉಣ್ಣೆ ಬಂದರೆ ಎಎನ್‌ಸಿಯ ಅರ್ಧ ಕೆಲಸ ಕೆಟ್ಟಂತೆ. ಕನ್ನಡಕದ ಕಡ್ಡಿ, ದೊಡ್ಡ ಜುಮುಕಿ, ದಪ್ಪ ಜಡೆಯೂ ಹಾಗೆಯೇ. ಕನ್ನಡಕದವರು ಕಡ್ಡಿ ತೆಳ್ಳಗಿರುವ ಕನ್ನಡಕ, ಮೆತ್ತಗಿನ ಕುಶನ್ನಿನ ಜೋಡಿ ಮಾಡಿಕೊಂಡರೆ ತೊಂದರೆ ಬಹಳ ಕಡಿಮೆಯಾಗುತ್ತದೆ.

ತೂಕವನ್ನು ತಪ್ಪದೆ ನೋಡಿ. 200 ಗ್ರಾಂ ಆಸುಪಾಸಿನದು ಅರ್ಧ ದಿನ ಹಾಕಿಕೊಂಡರೂ ಹೊರೆ ಅನ್ನಿಸುವುದಿಲ್ಲ. 250 ಗ್ರಾಂ ದಾಟಿದರೆ ಕೆಲವರಿಗೆ ನೆತ್ತಿ ನೋಯುತ್ತದೆ. ಮತ್ತೊಂದು ವಿಷಯ: ಎಎನ್‌ಸಿ ಆನ್ ಮಾಡಿದಾಗ ಕೆಲವರಿಗೆ ಕಿವಿಯಲ್ಲಿ ಒತ್ತಡ ಬಂದ ಹಾಗೆ, ತಲೆ ಭಾರವಾದ ಹಾಗೆ ಅನ್ನಿಸುತ್ತದೆ. ಘಾಟಿಯ ತಿರುವಿನಲ್ಲಿ ವಾಂತಿ ಬರುವವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಪರಿಚಯದವರ ಹತ್ತಿರ ಎಎನ್‌ಸಿ ಹೆಡ್‌ಫೋನ್ ಇದ್ದರೆ ಯಾವ ಬ್ರ್ಯಾಂಡಾದರೂ ಸರಿ, ಅರ್ಧ ಗಂಟೆಗೆ ಎರವಲು ಪಡೆದು ಹಾಕಿ ನೋಡಿ.

ಹೆಜ್ಜೆ 4: ಡಬ್ಬಿಯ ಮೇಲಿನ ಮಾತು ಓದುವುದು

ಕಡಿಮೆ ಬೆಲೆಯಲ್ಲಿ ಜನ ಹೆಚ್ಚಾಗಿ ಮೋಸ ಹೋಗುವುದು ಮೂರಕ್ಷರದ ಎರಡು ಪದಗಳ ನಡುವೆ. ಎಎನ್‌ಸಿ ಅಂದರೆ ನಿಮ್ಮ ಕಿವಿಗೆ ಬರುವ ಸದ್ದು ತಗ್ಗಿಸುವುದು. ಇಎನ್‌ಸಿ ಅಂದರೆ ಕಾಲ್‌ನಲ್ಲಿ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕೇಳಿಸದಂತೆ ಮಾಡುವುದು. ಇಎನ್‌ಸಿ ಮಾತ್ರ ಇರುವ ಹೆಡ್‌ಫೋನ್ ಹಾಕಿಕೊಂಡರೆ ಜನರೇಟರ್ ಸದ್ದು ನಿಮಗೆ ಮೊದಲಿನಷ್ಟೇ ಕೇಳುತ್ತದೆ. 2,000 ರೂಪಾಯಿಗಿಂತ ಕೆಳಗೆ ಈ ಪದವನ್ನು ಎರಡು ಸಲ ಓದಿ.

ಹೈಬ್ರಿಡ್ ಎಎನ್‌ಸಿ ಅಂದರೆ ಕಿವಿಯ ಮೇಲೆ ಕೂರುವ ಕಪ್‌ನ ಹೊರಗೊಂದು, ಒಳಗೊಂದು ಮೈಕ್. ಒಳಗಿನದು ಕಿವಿಯ ಹತ್ತಿರ ಉಳಿದ ಸದ್ದನ್ನು ಮತ್ತೆ ತಿದ್ದುತ್ತದೆ. ಸಾಧ್ಯವಾದಷ್ಟು ಇದನ್ನೇ ಆರಿಸಿ. ಇನ್ನು ಡೆಸಿಬೆಲ್ ಅಂಕಿ. 45, 50 ಅಂತ ಬರೆದಿರುವುದು ಸಾಮಾನ್ಯವಾಗಿ ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಅತಿ ಹೆಚ್ಚಿನ ಇಳಿಕೆ. ಎಲ್ಲ ಸದ್ದೂ ಅಷ್ಟು ತಗ್ಗುತ್ತದೆ ಅಂತ ಅರ್ಥವಲ್ಲ. ಎರಡು ಕಂಪನಿಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ಪ್ರಯೋಜನವಿಲ್ಲ.

ಮಲ್ಟಿಪಾಯಿಂಟ್ ಇದ್ದರೆ ಲ್ಯಾಪ್‌ಟಾಪ್, ಫೋನ್ ಎರಡಕ್ಕೂ ಒಟ್ಟಿಗೆ ಜೋಡಿಸಿಡಬಹುದು. ಮೀಟಿಂಗ್ ಕೇಳುತ್ತಿರುವಾಗ ಮನೆಯವರ ಫೋನ್ ಬಂದರೆ ಗೊತ್ತಾಗುತ್ತದೆ. ಮನೆಯಿಂದ ಕೆಲಸ ಮಾಡುವವರಿಗೆ ಇದು ತುಂಬ ಉಪಯೋಗ.

ಕೋಡೆಕ್ ಬಗ್ಗೆ, ಅಂದರೆ ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನದ ಬಗ್ಗೆ, ಬಹಳ ತಲೆ ಕೆಡಿಸಿಕೊಳ್ಳಬೇಡಿ. ಐಫೋನ್‌ಗೆ ಎಎಸಿ ಸಾಕು. ಆಂಡ್ರಾಯ್ಡ್‌ನಲ್ಲಿ ಎಲ್‌ಡಿಎಸಿ ಇದ್ದರೆ ಹಾಡಿನ ಗುಣಮಟ್ಟ ಸ್ವಲ್ಪ ಮೇಲು, ಆದರೆ ಮಳೆಯ ಸದ್ದಿನ ನಡುವೆ ಆ ವ್ಯತ್ಯಾಸ ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ.

ನಮ್ಮಲ್ಲಿ ಬ್ಯಾಟರಿಗೆ ಬೇರೆ ಕಡೆಗಿಂತ ಜಾಸ್ತಿ ಮಹತ್ವ ಕೊಡಬೇಕು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಎಎನ್‌ಸಿ ಆನ್ ಇದ್ದಾಗ ಎಷ್ಟು ಗಂಟೆ ಅನ್ನುವುದನ್ನೇ ನೋಡಿ, ಆಫ್ ಇದ್ದಾಗಿನ ದೊಡ್ಡ ಅಂಕಿಯನ್ನಲ್ಲ. 30 ಗಂಟೆ ಇದ್ದರೆ ನಾಲ್ಕೈದು ದಿನದ ಕೆಲಸಕ್ಕೆ ಸಾಕು. ಟೈಪ್-ಸಿ ಚಾರ್ಜಿಂಗ್ ಇರಲಿ, ಪವರ್‌ಬ್ಯಾಂಕ್‌ನಿಂದಲೂ ತುಂಬಿಸಬಹುದು. 3.5 ಎಂಎಂ ತಂತಿ ಹಾಕುವ ತೂತು ಇದ್ದರೆ ಇನ್ನೂ ಒಳ್ಳೆಯದು, ಚಾರ್ಜ್ ಮುಗಿದರೂ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಕೇಳಬಹುದು. ಕೆಲವು ಮಾಡೆಲ್‌ಗಳಲ್ಲಿ ಈ ತೂತೇ ಇಲ್ಲ, ವಿಚಾರಿಸಿ ತಗೊಳ್ಳಿ.

ಹೆಜ್ಜೆ 5: ಕಾಲ್ ಮಾಡುವವರು ಇದನ್ನು ಓದಿ

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಹೆಡ್‌ಫೋನಿನ ಮೈಕ್ ಬಳಸಿದ ಕೂಡಲೇ ಕೇಳುವ ಧ್ವನಿಯೂ ಹಳೇ ಫೋನಿನ ಹಾಗೆ ಆಗಿಬಿಡುವುದನ್ನು ಗಮನಿಸಿರಬಹುದು. ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮೈಕ್ ತೆರೆದಾಗ ಬ್ಲೂಟೂತ್ ಕಾಲ್ ಮೋಡ್‌ಗೆ ಹೋಗುತ್ತದೆ, ಅಲ್ಲಿ ಧ್ವನಿಗೆ ಜಾಗ ಕಡಿಮೆ. ಮೀಟಿಂಗ್ ಆ್ಯಪಿನ ಸೆಟ್ಟಿಂಗ್‌ನಲ್ಲಿ ಕೇಳಲು ಹೆಡ್‌ಫೋನ್, ಮಾತಾಡಲು ಬೇರೆ ಮೈಕ್ ಆರಿಸಿದರೆ ಸರಿಹೋಗುತ್ತದೆ.

ಲ್ಯಾಪ್‌ಟಾಪಿನ ಮೈಕ್ ಬಾಯಿಯಿಂದ ದೂರ ಇರುವುದರಿಂದ ಮಳೆಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೆ ಒಳ್ಳೆಯ ಉಪಾಯ, ಕಾಲರ್‌ಗೆ ಸಿಕ್ಕಿಸುವ ತಂತಿಯ ಮೈಕ್. ಕೆಲವು ನೂರು ರೂಪಾಯಿಯದ್ದು ಸಾಕು. ಜೋರು ಮಳೆಯಲ್ಲಿ ಹೆಡ್‌ಫೋನಿನ ಒಳಮೈಕ್‌ಗಿಂತ ಇದೇ ನಿಮ್ಮ ಮಾತನ್ನು ಸ್ಪಷ್ಟವಾಗಿ ದಾಟಿಸುತ್ತದೆ. ಮೈಕ್‌ಗೆ ಬೇಕು ಅಂತ ಹೆಡ್‌ಫೋನ್ ಬಜೆಟ್ಟನ್ನು ಎರಡು ಮೂರು ಸಾವಿರ ಏರಿಸುವ ಬದಲು ಹೀಗೆ ಮಾಡಿ.

ಹೆಜ್ಜೆ 6: ಬೆಲೆ, ಮಾಡೆಲ್

ಬೆಲೆ ವಾರಕ್ಕೊಂದು ಸಲ ಬದಲಾಗುತ್ತದೆ, ಹಾಗಾಗಿ ಗುಣವನ್ನು ಮಾತ್ರ ಹೇಳುತ್ತೇನೆ.

ಕಡಿಮೆ ಬೆಲೆಯ ಸಾಲಿನಲ್ಲಿ ಸೌಂಡ್‌ಕೋರ್ ಕ್ಯೂ20ಐ ನೋಡಬಹುದು. ಹೈಬ್ರಿಡ್ ಎಎನ್‌ಸಿ ಇದೆ, ಎಎನ್‌ಸಿ ಆನ್ ಇದ್ದಾಗ ಕಂಪನಿ ಹೇಳುವಂತೆ 40 ಗಂಟೆ. ಬಸ್ಸು, ಜನರೇಟರ್ ಸದ್ದಿಗೆ ಸಾಕು. ಅದೇ ಕಂಪನಿಯ ಸ್ಪೇಸ್ ಒನ್‌ನಲ್ಲಿ ಎಲ್‌ಡಿಎಸಿ ಸಿಗುತ್ತದೆ.

ಸ್ವಲ್ಪ ಮೇಲಕ್ಕೆ ಹೋದರೆ ಜೆಬಿಎಲ್ ಟ್ಯೂನ್ 770ಎನ್‌ಸಿ ಮತ್ತು ಸೋನಿ ಡಬ್ಲ್ಯೂಎಚ್-ಸಿಎಚ್720ಎನ್. ಜೆಬಿಎಲ್‌ನದ್ದು ಎಎನ್‌ಸಿ ಆನ್ ಇದ್ದಾಗ 44 ಗಂಟೆ, ಮಡಚಿ ಚೀಲಕ್ಕೆ ಹಾಕಬಹುದು. ಸೋನಿಯದ್ದು 2023ರಲ್ಲಿ ಬಂದದ್ದು. ತೂಕ ಬರೀ 192 ಗ್ರಾಂ, ಎಎನ್‌ಸಿಯೊಂದಿಗೆ 35 ಗಂಟೆ, 3 ನಿಮಿಷ ಚಾರ್ಜ್ ಮಾಡಿದರೆ ಸುಮಾರು ಒಂದು ಗಂಟೆ, ಮಲ್ಟಿಪಾಯಿಂಟ್, ತಂತಿಯ ತೂತು ಎಲ್ಲ ಇದೆ. ಎಲ್‌ಡಿಎಸಿ ಇಲ್ಲ, ಒಳಕ್ಕೆ ಮಡಚಲು ಆಗುವುದಿಲ್ಲ. ಮನೆಯಿಂದ ಕೆಲಸ ಮಾಡುವ ಕೊಡಗಿನವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ, ತೂಕದ ಕಾರಣಕ್ಕೆ.

10,000 ದಾಟಲು ಸಿದ್ಧರಿದ್ದರೆ ಸೆನ್‌ಹೈಸರ್ ಆ್ಯಕ್ಸೆಂಟಮ್ ವೈರ್‌ಲೆಸ್. 50 ಗಂಟೆ ಬ್ಯಾಟರಿ ಇದೆ, ಆದರೆ 3.5 ಎಂಎಂ ತೂತಿಲ್ಲ. ಅದೇ ದುಡ್ಡಿಗೆ ಸೋನಿಯ ಹಳೆಯ ದುಬಾರಿ ಮಾಡೆಲ್, 2020ರ ಡಬ್ಲ್ಯೂಎಚ್-1000ಎಕ್ಸ್‌ಎಂ4, ರಿಫರ್ಬಿಶ್ಡ್ ಆಗಿ, ಅಂದರೆ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ರೂಪದಲ್ಲಿ, ಸಿಕ್ಕರೂ ಸಿಗಬಹುದು. ಶಬ್ದ ತಗ್ಗಿಸುವುದರಲ್ಲಿ ಅದು ಈ ಪಟ್ಟಿಯ ಉಳಿದವಕ್ಕಿಂತ ಮುಂದಿದೆ. ಬಿಲ್, ಕನಿಷ್ಠ ಆರು ತಿಂಗಳ ವಾರಂಟಿ ಎರಡೂ ಇದ್ದರೆ ಮಾತ್ರ ತಗೊಳ್ಳಿ. ಯಾರೋ ಬಳಸಿದ ಬಡ್ಸ್ ಮಾತ್ರ ಬೇಡವೇ ಬೇಡ.

ತುರ್ತಿಲ್ಲದಿದ್ದರೆ ದಸರಾ-ದೀಪಾವಳಿಯ ಸೇಲ್‌ವರೆಗೆ ಕಾಯಿರಿ. ಮಳೆಗಾಲಕ್ಕೇ ಬೇಕಾದರೆ ಮೇ ತಿಂಗಳಲ್ಲೇ ತರಿಸಿಬಿಡಿ. ರಸ್ತೆ ಕುಸಿದು ಪಾರ್ಸೆಲ್ ನಿಂತರೆ ವಾಪಸ್ ಕೊಡುವ ಗಡುವಿನ ಲೆಕ್ಕಾಚಾರವೇ ತಲೆನೋವಾಗುತ್ತದೆ.

ಹೆಜ್ಜೆ 7: ಕೊಳ್ಳುವಾಗ

ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೊಳ್ಳುವ ಮುನ್ನವೇ ನೋಡಿ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದವರಿಗೆ ಮೈಸೂರು, ಸಂಪಾಜೆ ಕಡೆಯವರಿಗೆ ಮಂಗಳೂರು ಅನುಕೂಲ. ಕಂಪನಿಯೇ ಮನೆಯಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತದಾ, ನಿಮ್ಮ ಪಿನ್‌ಕೋಡ್‌ಗೆ ಆ ಸೌಲಭ್ಯ ಇದೆಯಾ ಅಂತ ಕೇಳಿ. ನೂರಿನ್ನೂರು ರೂಪಾಯಿ ಜಾಸ್ತಿಯಾದರೂ ಊರಿನ ಅಂಗಡಿಯವರು ವಾರಂಟಿಯ ಓಡಾಟ ತಾವೇ ಮಾಡಿಕೊಡುತ್ತೇವೆ ಅಂದರೆ ಅವರಲ್ಲೇ ಕೊಳ್ಳಿ. ಅಂಗಡಿಯಲ್ಲಿ ಪರೀಕ್ಷಿಸುವಾಗ ಫ್ಯಾನಿನ ಕೆಳಗೆ ಅಥವಾ ಎಂಜಿನ್ ಆನ್ ಇರುವ ಬಸ್ಸಿನ ಹತ್ತಿರ ನಿಂತು, ಹಾಡು ಹಾಕದೆ, ಎಎನ್‌ಸಿ ಆನ್-ಆಫ್ ಮಾಡಿ ನೋಡಿ.

ಆನ್‌ಲೈನ್‌ನಲ್ಲಾದರೆ ಮಾರುವವರ ಹೆಸರು, ವಾಪಸ್ ನಿಯಮ ಓದಿ. ದುಡ್ಡು ವಾಪಸ್ ಕೊಡುವುದು ಬೇರೆ, ಕೆಟ್ಟಿದ್ದರೆ ಮಾತ್ರ ಬದಲಿಸಿ ಕೊಡುವುದು ಬೇರೆ. ಡಬ್ಬಿ ತೆರೆಯುವಾಗ ವಿಡಿಯೋ ಮಾಡಿ. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಸುಳಿವು ಸಿಗುತ್ತದೆ. ಬಿಲ್ ಇದ್ದೂ ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಬಂದ ದಿನವೇ ಪರೀಕ್ಷೆ ಶುರು ಮಾಡಿ. ಹೆಡ್‌ಫೋನಿನ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಅಪ್‌ಡೇಟ್ ಮುಗಿಸಿ. ಎರಡು ಗಂಟೆ ಬಿಡದೆ ಹಾಕಿಕೊಂಡು ಕೂರಿ. ಕಿವಿಯ ಅಂಚು ನೋಯುತ್ತದಾ, ಬೆವರುತ್ತದಾ? ತಲೆ ಅಲ್ಲಾಡಿಸಿದರೆ ಸಂದು ಬೀಳುತ್ತದಾ? ಒಂದು ಕಾಲ್ ಮಾಡಿ ಆ ಕಡೆಯವರನ್ನು ಕೇಳಿ. ಗಾಳಿ ಬೀಸುವ ಜಗಲಿಯಲ್ಲೂ ಒಮ್ಮೆ ನಿಲ್ಲಿ, ಮೈಕ್‌ಗೆ ಗಾಳಿ ಹೊಡೆದು ಬುಸುಬುಸು ಸದ್ದು ಬರುವ ಮಾಡೆಲ್‌ಗಳಿವೆ. ನೋವಾದರೆ ಅಭ್ಯಾಸವಾಗುತ್ತದೆ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ, ಗಡುವಿನ ಒಳಗೆ ವಾಪಸ್ ಮಾಡಿ.

ಎಲ್ಲಿ ಹಾಕಲೇಬಾರದು

ತೋಟದಲ್ಲಿ ನಡೆಯುವಾಗ ಹಾಕಬೇಡಿ. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೊಂಬೆ ಮುರಿಯುವ ಸದ್ದು, ಆನೆಯ ಗುಡುಗುಡು ದನಿ, ದೂರದಲ್ಲಿ ಯಾರೋ ಕೂಗಿ ಎಚ್ಚರಿಸುವುದು. ಎಎನ್‌ಸಿ ಮೊದಲು ನುಂಗುವುದು ಆನೆಯ ಆ ದಪ್ಪ ಸ್ವರವನ್ನೇ. ಹೊರಗಿನ ಸದ್ದು ಕೇಳಿಸುವ ಟ್ರಾನ್ಸ್‌ಪರೆನ್ಸಿ ಮೋಡ್ ಇದೆಯಲ್ಲ ಅನ್ನಬಹುದು. ಅದರಲ್ಲಿ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಸರಿಯಾಗಿ ತಿಳಿಯುವುದಿಲ್ಲ. ಬೆಳಿಗ್ಗೆ ಬಸ್ ಹಿಡಿಯಲು ತೋಟದ ದಾರಿಯಲ್ಲಿ ಹೋಗುವ ಮಕ್ಕಳಿಗೆ ಇದನ್ನು ಖಂಡಿತ ಹೇಳಿ. ಬೈಕ್, ಸ್ಕೂಟರ್ ಓಡಿಸುವಾಗಲೂ ಬೇಡ.

ಸೌಂಡ್ ಬಗ್ಗೆಯೂ ಎಚ್ಚರ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಮಿತಿ. ಹೊರಗಿನ ಗದ್ದಲ ತಗ್ಗಿದರೆ ವಾಲ್ಯೂಮ್ ಏರಿಸುವ ಅಗತ್ಯವೇ ಬರುವುದಿಲ್ಲ. ನನ್ನ ಮಟ್ಟಿಗೆ ಎಎನ್‌ಸಿಗೆ ದುಡ್ಡು ಕೊಡಲು ಇದೇ ದೊಡ್ಡ ಕಾರಣ.

ಮಳೆಗಾಲದಲ್ಲಿ ಕಾಪಾಡುವುದು

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಭಾಗಮಂಡಲ, ಮಡಿಕೇರಿ ಕಡೆ ಇದು ಬೇಕೇಬೇಕು, ಕುಶಾಲನಗರದ ಕಡೆ ತೇವ ಅಷ್ಟಿಲ್ಲ. ಡಬ್ಬಿಗೆ ಹಾಕುವ ಮುನ್ನ ಕುಶನ್ನಿನ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲೋ ಹೊಗೆಯ ಹತ್ತಿರವೋ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು, ಮೈಕ್ ತೂತಿಗೆ ಮಸಿ ಆಗದು. ದೊಡ್ಡ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವಕ್ಕೆ ನೀರು ತಡೆಯುವ ರೇಟಿಂಗ್ ಇಲ್ಲ. ನೀರು ಹೋದರೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಪ್ರಯಾಣದಲ್ಲಿ ಜಿಪ್ ಕವರಿಗೆ ಹಾಕಿ ಚೀಲದ ಒಳಗಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ ಇಡಿ.

ಹಳೆಯದನ್ನು ತೋಟದ ಗುಂಡಿಗೆ ಎಸೆಯಬೇಡಿ, ಕಸದ ಜೊತೆ ಸುಡಬೇಡಿ. ಬ್ಯಾಟರಿ ಸತ್ತಿದ್ದರೂ ತಂತಿಯಲ್ಲಿ ಕೇಳುವುದಾದರೆ ಮನೆಯ ಟಿವಿಗೋ ಮಕ್ಕಳ ಪಾಠಕ್ಕೋ ಬಳಸಬಹುದು. ಅದಕ್ಕೂ ಬಾರದಿದ್ದರೆ ಮೈಸೂರಿಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್ ಅಥವಾ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕೊಟ್ಟುಬನ್ನಿ.